ಮೂರು ಚೀಟಿಯ ಬೋನು

ಕಳೆದ ತಿಂಗಳು ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೋಗುವಾಗ ನಮ್ಮ ಬಸ್ಸು ಒಂದು ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಕೊಂಡಿತು. ಎದುರಿನಿಂದ ಸಾಲಾಗಿ ತರಕಾರಿ ಲಾರಿಗಳು ಬರುತ್ತಿದ್ದವು, ಡ್ರೈವರಿಗೆ ಮುಂದೆ ನುಗ್ಗಲು ಜಾಗವಿರಲಿಲ್ಲ. ಟ್ರೇಲರಿನ ಮೇಲೆ ಒಂದು ಬೋನು ಇತ್ತು, ಚಿರತೆ ಹಿಡಿಯುವ ಕಬ್ಬಿಣದ ಬೋನು. ಖಾಲಿ. ಮೇಕೆ ಕಟ್ಟುವ ಒಳಗೂಡಿನಲ್ಲಿ ಒಂದಿಷ್ಟು ಹಿಕ್ಕೆ, ಒಣಗಿದ ಸೊಪ್ಪು. ತುಕ್ಕಿನ ವಾಸನೆಯೂ ಮೇಕೆಯ ವಾಸನೆಯೂ ಒಟ್ಟಿಗೆ ಕಿಟಕಿಯೊಳಗೆ ಬಂದವು. ನನ್ನ ಬಲಗಾಲು ತಾನಾಗಿಯೇ ಕುಣಿಯತೊಡಗಿತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಎರಡು ಸಲ ನನ್ನ ಮಂಡಿಯನ್ನು ನೋಡಿ, ಮೂರನೆಯ ಸಲ ತನ್ನ ಬ್ಯಾಗನ್ನು ನಮ್ಮಿಬ್ಬರ ನಡುವೆ ಇಟ್ಟುಕೊಂಡಳು. ಅವಳದೇನೂ ತಪ್ಪಿಲ್ಲ. ಹಿಂದೊಮ್ಮೆ ಎರಡು ತಿಂಗಳು ಬೋನಿಗಾಗಿ ಅಲೆದ ಮೇಲೆ ನನಗೆ ಅಂಟಿಕೊಂಡ ಚಾಳಿ ಇದು.

ಆಗ ನಾನು ಚಾಮರಾಜನಗರದಲ್ಲಿ, ಸರ್ಕಾರಿ ಕಚೇರಿಗಳಿರುವ ಬೀದಿಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೆ. ಈಗಲೂ ಅದೇ ಅಂಗಡಿ. ಜೆರಾಕ್ಸ್ ಮಾಡುವುದು ಹೆಸರಿಗೆ ಮಾತ್ರ, ನನ್ನ ನಿಜವಾದ ಕಸುಬು ಅರ್ಜಿ ಬರೆಯುವುದು. ಪಿಂಚಣಿ, ಪಹಣಿ ತಿದ್ದುಪಡಿ, ಬೋರ್‌ವೆಲ್ಲು, ಬೀದಿದೀಪ, ಏನು ಬೇಕಾದರೂ ಬರೆದುಕೊಡುತ್ತಿದ್ದೆ. ಜನ ನನ್ನನ್ನು ಅರ್ಜಿ ನಾಗ ಎಂದೇ ಕರೆಯುತ್ತಿದ್ದರು. ನನಗೆ ಅದರಲ್ಲಿ ಸ್ವಲ್ಪ ಜಂಬವೂ ಇತ್ತು. ಯಾವ ಸಾಹೇಬರಿಗೆ 'ಮಾನ್ಯರೆ' ಸಾಕು, ಯಾರಿಗೆ 'ತಮ್ಮ ದಿವ್ಯ ಸನ್ನಿಧಾನಕ್ಕೆ' ಬೇಕು ಎನ್ನುವುದು ನನಗೆ ಬಾಯಿಪಾಠ. ನನ್ನ ಅರ್ಜಿ ವಾಪಸ್ಸು ಬಂದದ್ದಿಲ್ಲ ಎಂದು ಹೇಳಿಕೊಂಡು ತಿರುಗುತ್ತಿದ್ದವನು ನಾನು, ಆ ವರ್ಷ ಬರುವ ತನಕ.

ನಮ್ಮ ಹುಂಡಿ, ಅಂದರೆ ನಮ್ಮ ಪುಟ್ಟ ಊರು, ಇರುವುದು ಎರಡು ತಾಲ್ಲೂಕು ಕೂಡುವ ಕಡೆ. ಐವತ್ತು ಅರವತ್ತು ಮನೆ ಇರಬಹುದು. ಬಸ್ಸು ಊರೊಳಕ್ಕೆ ಬರುವುದಿಲ್ಲ, ಮೇನ್ ರೋಡಿಗೆ ಒಂದೂವರೆ ಮೈಲಿ ಗಾಡಿದಾರಿ ನಡೆಯಬೇಕು. ದಾರಿಯ ಒಂದು ಮಗ್ಗುಲಿಗೆ ಬಾಳೆ, ಅರಿಶಿನ. ಇನ್ನೊಂದು ಮಗ್ಗುಲಿಗೆ ಕರಿಕಲ್ಲು ತೆಗೆದು ಬಿಟ್ಟುಹೋದ ಹಳೇ ಕ್ವಾರಿ, ಅದರ ಹಿಂದೆ ಗುಡ್ಡ. ಮಹದೇವಮ್ಮ, ನನ್ನ ಅಕ್ಕ, ಅದೇ ಊರಿನ ನಂಜುಂಡಸ್ವಾಮಿಯನ್ನು ಮದುವೆಯಾಗಿ ನಾಲ್ಕು ಮನೆಯಾಚೆ ಇದ್ದಳು. ಭಾವ ಹಾಲಿನ ಡೈರಿಯ ಕಾರ್ಯದರ್ಶಿ. ಅವರ ಒಬ್ಬಳೇ ಮಗಳು ಸಿಂಚನ ಆಗ ಬಿ.ಎಸ್ಸಿ. ಕೊನೆಯ ವರ್ಷ. ದಿನಾ ಬೆಳಿಗ್ಗೆ ಆ ದಾರಿಯನ್ನು ನಡೆದು ಏಳೂವರೆಯ ಬಸ್ಸು ಹಿಡಿದು ಚಾಮರಾಜನಗರದ ಕಾಲೇಜಿಗೆ ಬರುತ್ತಿದ್ದಳು. ಮೊದಲು ಅವಳ ಜೊತೆ ಇನ್ನಿಬ್ಬರು ಹುಡುಗಿಯರು ಬರುತ್ತಿದ್ದರು. ಅವರಿಗೆ ಮದುವೆಯಾಯಿತು. ಇವಳೊಬ್ಬಳೇ ಉಳಿದಳು.

ದಸರೆ ಕಳೆದು ಮಳೆ ಇನ್ನೂ ಪೂರ್ತಿ ನಿಂತಿರಲಿಲ್ಲ. ಕ್ವಾರಿ ಪಕ್ಕದ ಹೊಲದಲ್ಲಿ ಕಟ್ಟಿದ್ದ ಒಂದು ಕರುವನ್ನು ಚಿರತೆ ಹೊತ್ತುಕೊಂಡು ಹೋಯಿತು. ಮೂರು ದಿನಕ್ಕೆ ಎರಡು ಮೇಕೆ. ಅದನ್ನು ಹಗಲಿನಲ್ಲೇ ಕಣ್ಣಾರೆ ಕಂಡವರು ಊರಿನ ಹಿರಿಯ ಮಾದಶೆಟ್ಟರು. ಬಂಡೆಯ ಮೇಲೆ ಬಿಸಿಲು ಕಾಯಿಸುತ್ತಾ ಮಲಗಿತ್ತಂತೆ, ಎಡಗಿವಿ ಹರಿದಿತ್ತಂತೆ. ಈ ಹರಿದ ಕಿವಿಯ ವಿಷಯವನ್ನು ಅವರು ಕೇಳಿದವರಿಗೂ ಕೇಳದವರಿಗೂ ಹೇಳಿದ್ದರಿಂದ, ವಾರದೊಳಗೆ ಊರಿನ ಪ್ರತಿಯೊಬ್ಬರಿಗೂ ಚಿರತೆ ಎಂದರೆ ಎಡಗಿವಿ ಹರಿದದ್ದು ಎಂದಾಯಿತು.

ಭಾನುವಾರ ನಾನು ಊರಿಗೆ ಹೋದಾಗ ಭಾವ ಆಗಲೇ ತೀರ್ಮಾನ ಮಾಡಿ ಕೂತಿದ್ದರು.

"ಆ ಚಿರ್ತೆಯ ಇಡ್ಯಗಂಟ ಇವ್ಳು ಒಸ್ಲು ದಾಟಂಗಿಲ್ಲ ಕಣ್ಲಾ ನಾಗ. ಇಡುದ್ರೆ ಕಾಲೇಜು. ಇಲ್ದಿದ್ರೆ ಸಾಕು, ಓದಿದ್ದು."

ಬೆಳಿಗ್ಗೆ ಆರರಿಂದ ಎಂಟರ ತನಕ ಭಾವ ಡೈರಿಯಲ್ಲಿ ಹಾಲು ಅಳೆಯಬೇಕು, ಮಗಳನ್ನು ಬಿಡಲು ಹೋಗಲಾರರು. ಅಕ್ಕ ತಾನು ಜೊತೆಗೆ ಹೋಗುತ್ತೇನೆ ಎಂದಳು. ಆಗ ಒಂದರ ಬದಲು ಎರಡು ಹೋಗುತ್ತವೆ ಎಂದರು ಭಾವ. ನಾನೇ ಪೇಟೆಯಿಂದ ಬೈಕಿನಲ್ಲಿ ಬಂದು ಕರೆದುಕೊಂಡು ಹೋಗುತ್ತೇನೆ ಎನ್ನಬೇಕು, ಬಾಯಿಗೆ ಬಂದ ಮಾತನ್ನು ನುಂಗಿಕೊಂಡೆ. ಕಾರಣ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ನಾನು ಅವಳ ಸೋದರಮಾವ, ಮೂವತ್ತೆರಡಾಗಿತ್ತು, ಮದುವೆಯಾಗಿರಲಿಲ್ಲ. ಅವಳು ಹುಟ್ಟಿದ ದಿನದಿಂದ ಊರಿನ ಅರ್ಧ ಜನ ಇವಳನ್ನು ಇವನಿಗೇ ಎಂದು ಕೊಟ್ಟುಬಿಟ್ಟಿದ್ದರು. ಅವಳನ್ನು ದಿನಾ ಬೈಕಿನ ಹಿಂದೆ ಕೂರಿಸಿಕೊಂಡರೆ ಉಳಿದರ್ಧವೂ ಕೊಟ್ಟುಬಿಡುತ್ತಿತ್ತು. ಎತ್ತಿ ಆಡಿಸಿದ ಕೂಸನ್ನು ಕಟ್ಟಿಕೊಳ್ಳುವ ಯೋಚನೆಯೇ ನನಗೆ ಒಗ್ಗುತ್ತಿರಲಿಲ್ಲ. ಅವಳಿಗೂ ಅಷ್ಟೆ. ಬಿ.ಎಡ್. ಮಾಡಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಬೇಕು ಎನ್ನುವುದು ಅವಳ ಹಟ.

ಅವತ್ತು ನಾನು ಹೊರಡುವಾಗ ಅವಳು ಜಗಲಿಯ ತನಕ ಬಂದಳು. ಹಾಜರಿ ಕಡಿಮೆಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಲೆಕ್ಚರರು ಹೇಳಿದ್ದನ್ನು ಹೇಳಿದಳು. ಆಮೇಲೆ ನಗುತ್ತಾ, ಆದರೆ ನಗು ಕಣ್ಣಿಗೆ ಹತ್ತದೆ, "ಕಾಲೇಜು ಬುಟ್ರೆ ನನ್ನ ನಿಂಗೇ ಕಟ್ಬುಡ್ತರೆ ಮಾವ. ಬಿರ್ರನೆ ಏನಾರ ಮಾಡು" ಅಂದಳು.

ನಾನು ಮಾಡಬಲ್ಲದ್ದು ಒಂದೇ, ಅರ್ಜಿ. ಸೋಮವಾರ ಬೆಳಿಗ್ಗೆಯೇ ಬರೆದೆ. ಬೋನು ಇಡಿಸಿಕೊಡಬೇಕೆಂದು, ದಿವ್ಯ ಸನ್ನಿಧಾನವನ್ನೂ ಸೇರಿಸಿ, ಎರಡು ಪುಟ. ಅಷ್ಟು ಚೆನ್ನಾಗಿ ಬರೆದ ಅರ್ಜಿ ನನ್ನ ಜೀವಮಾನದಲ್ಲಿ ಇನ್ನೊಂದಿಲ್ಲ. ಅದನ್ನು ಓದಿದ ಅರಣ್ಯ ಇಲಾಖೆಯ ಗುಮಾಸ್ತೆ ಒಂದು ನಕ್ಷೆ ಬಿಡಿಸಿ ಬೆರಳಿಟ್ಟು ತೋರಿಸಿದರು. ಊರು ಈ ಕಡೆಗೆ ಸೇರಿದ್ದು, ಗುಡ್ಡ ಆ ಕಡೆಗೆ ಸೇರಿದ್ದು. ಚಿರತೆ ಇರುವುದು ಗುಡ್ಡದಲ್ಲಿ, ಆದ್ದರಿಂದ ಆ ಕಡೆಯ ಕಚೇರಿಗೆ ಹೋಗಿ. ಆ ಕಡೆಗೆ ಹೋದೆ. ಕರು ತಿಂದದ್ದು ಊರಿನಲ್ಲಲ್ಲವೇ, ಈ ಕಡೆಗೇ ಹೋಗಿ ಎಂದರು. ಯಾರೂ ಸಿಡುಕಲಿಲ್ಲ, ಇಬ್ಬರೂ ಕೂರಿಸಿ ನೀರು ಕೊಟ್ಟು ಕಳಿಸಿದರು. ನಮ್ಮ ಚಿರತೆ ಒಂದು ತಾಲ್ಲೂಕಿನಲ್ಲಿ ಮಲಗಿ ಇನ್ನೊಂದು ತಾಲ್ಲೂಕಿನಲ್ಲಿ ಉಣ್ಣುತ್ತಿತ್ತು. ನಾನು ಎರಡರ ನಡುವೆ ಬಸ್ಸಿನಲ್ಲಿ ಓಡಾಡುತ್ತಿದ್ದೆ.

ಕೊನೆಗೆ ಈ ಕಡೆಯವರೇ ಅರ್ಜಿ ತೆಗೆದುಕೊಂಡರು. ಆದರೆ ಹೆಜ್ಜೆ ಗುರುತಿನ ಫೋಟೋ ಬೇಕು, ಪಕ್ಕದಲ್ಲಿ ಸ್ಕೇಲು ಇಟ್ಟು ತೆಗೆದದ್ದು. ನಾನು ಬೆಂಕಿಪೊಟ್ಟಣ ಇಟ್ಟು ತೆಗೆದಿದ್ದೆ. ಪೊಟ್ಟಣ ನಡೆಯುವುದಿಲ್ಲ ಎಂದರು. ಸ್ಕೇಲು ತೆಗೆದುಕೊಂಡು ಊರಿಗೆ ಓಡಿದೆ, ಬೆಳಿಗ್ಗೆ ಬಿದ್ದ ಮಳೆಗೆ ಹೆಜ್ಜೆಯೆಲ್ಲ ಕೊಚ್ಚಿಹೋಗಿತ್ತು. ಆ ಕೆಸರಿನಲ್ಲಿ ಸ್ಕೇಲು ಹಿಡಿದು ನಿಂತುಕೊಂಡು ನಾನು, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಇನ್ನೊಂದು ಕರುವನ್ನಾದರೂ ಅದು ಹಿಡಿಯಬಾರದೇ ಎಂದು ಹಾರೈಸಿದೆ. ಹಿಡಿಯಿತು. ನಾಲ್ಕು ದಿನದ ಮೇಲೆ, ಪಾಪ, ಡೈರಿಗೆ ಹಾಲು ಹಾಕುವ ಮುದುಕಿಯೊಬ್ಬಳ ಕರು. ಅವಳು ಕೂತು ಅಳುತ್ತಿದ್ದಾಗ ನಾನು ಮಂಡಿಯೂರಿ ಹೆಜ್ಜೆ ಪಕ್ಕದಲ್ಲಿ ಸ್ಕೇಲು ನೆಟ್ಟಗೆ ಇಡುತ್ತಿದ್ದೆ.

ಇಷ್ಟೆಲ್ಲ ಆಗಿ ಅರ್ಜಿಗೆ ನಂಬರು ಬಿದ್ದ ಮೇಲೆ ಗೊತ್ತಾಯಿತು, ಕಚೇರಿಯಲ್ಲಿ ಇದ್ದ ಬೋನು ಎರಡು. ಒಂದರ ಬಾಗಿಲು ಬೀಳುತ್ತಿರಲಿಲ್ಲ, ರಿಪೇರಿಗೆ ಹೋಗಿತ್ತು. ಉಳಿದ ಒಂದಕ್ಕೆ ಎಂಟು ಊರಿನವರು ಕಾಯುತ್ತಿದ್ದರು. ಕೊಟ್ಟ ಊರಿನಲ್ಲಿ ಅದು ಎಂಟು ದಿನ ಇರುತ್ತದೆ, ಆಮೇಲೆ ಮುಂದಿನವರಿಗೆ. ಮುಂದಿನವರು ಯಾರು ಎನ್ನುವುದಕ್ಕೆ ದಿನಾ ಕಚೇರಿ ಮುಂದೆ ಜಗಳ. ನಮ್ಮದು ಹಸು, ನಿಮ್ಮದು ಬರೀ ಮೇಕೆ ಎಂದು ಒಬ್ಬರು. ನಮ್ಮದರ ಪಕ್ಕ ಶಾಲೆ ಇದೆ ಎಂದು ಇನ್ನೊಬ್ಬರು. ಬೇಸತ್ತ ಸಾಹೇಬರು ಚೀಟಿ ಎತ್ತಿಸೋಣ ಎಂದುಬಿಟ್ಟರು. ಎಲ್ಲ ಊರಿನ ಹೆಸರು ಬರೆದು, ಮಡಿಸಿ, ಸ್ಟೀಲ್ ಡಬ್ಬಿಯೊಳಗೆ ಹಾಕಿ, ಕಚೇರಿ ಗುಡಿಸುವ ಹೆಂಗಸಿನ ಕೈಲಿ ತೆಗೆಸುವುದು. ಆಕೆ ಸೆರಗಿನಲ್ಲಿ ಕೈ ಒರೆಸಿಕೊಂಡು, ಕಣ್ಣು ಮುಚ್ಚಿ, ಡಬ್ಬಿಯೊಳಗೆ ಕೈ ಹಾಕಿದಾಗ ಎಂಟು ಊರಿನ ಗಂಡಸರು ಉಸಿರು ಬಿಗಿಹಿಡಿದು ನಿಂತಿರುತ್ತಿದ್ದರು.

ಮೊದಲ ಸಲ ನಮ್ಮ ಹೆಸರು ಬರಲಿಲ್ಲ. ಸಂಜೆ ಸಿಂಚನ ಫೋನು ಮಾಡಿ ಚೀಟಿ ಏನಾಯಿತು ಎಂದಳು. ಅವಳ ಗೆಳತಿಯರ ನೋಟ್ಸನ್ನು ನಾನು ಜೆರಾಕ್ಸ್ ಮಾಡಿ ಹಾಲಿನ ವ್ಯಾನಿನಲ್ಲಿ ಕಳಿಸುತ್ತಿದ್ದೆ, ಅದನ್ನು ಅವಳು ತಾರಸಿಯ ಮೇಲೆ ಕೂತು ಬರೆದುಕೊಳ್ಳುತ್ತಿದ್ದಳು. ಓದು ನಿಲ್ಲಲಿಲ್ಲ, ಹಾಜರಿ ಮಾತ್ರ ಕರಗುತ್ತಿತ್ತು. ಆ ಎಂಟು ದಿನ ನಾನು ಅಂಗಡಿಯಲ್ಲಿ ಕೂರಲಾರದೆ ದಿನಕ್ಕೆ ನಾಲ್ಕು ಸಲ ಕಚೇರಿಗೆ ಹೋಗಿ ಬರುತ್ತಿದ್ದೆ. ಹೋಗಿ ಮಾಡುವುದೇನೂ ಇಲ್ಲ, ಡಬ್ಬಿ ಅಲ್ಮೇರದ ಮೇಲೆ ಇದೆಯೇ ಎಂದು ನೋಡಿ ವಾಪಸ್ಸು. ಯಾರದೋ ಪಿಂಚಣಿ ಅರ್ಜಿಯಲ್ಲಿ ಗಂಡನ ಹೆಸರಿನ ಜಾಗದಲ್ಲಿ ಚಿರತೆ ಎಂದು ಟೈಪು ಮಾಡಿ ಬೈಸಿಕೊಂಡೆ.

ಆ ಚಡಪಡಿಕೆಯಲ್ಲೇ ನನಗೊಂದು ಯೋಚನೆ ಬಂತು. ಒಂದು ಸಲ ಸೋತ ಊರಿಗೂ ಹೊಸದಾಗಿ ಬಂದ ಊರಿಗೂ ಒಂದೊಂದೇ ಚೀಟಿ ಯಾವ ನ್ಯಾಯ? ಕಾದವರಿಗೆ ಕಾದದ್ದಕ್ಕೆ ಏನಾದರೂ ಸಿಗಬೇಕು. ಸೋತ ಪ್ರತಿ ಸಲಕ್ಕೂ ಒಂದು ಚೀಟಿ ಹೆಚ್ಚು ಹಾಕಬೇಕೆಂದು ಅರ್ಜಿ ಬರೆದೆ. ಸಾಹೇಬರು ಅದನ್ನು ಎರಡು ಸಲ ಓದಿ, ನನ್ನನ್ನು ಮೇಲಿಂದ ಕೆಳಕ್ಕೆ ನೋಡಿ, ಆಗಲಿ ಎಂದರು. ಎರಡನೆಯ ಸಲ, ಮೊದಲು ಸೋತಿದ್ದ ಏಳು ಊರಿಗೂ ಎರಡೆರಡು ಚೀಟಿ. ನಮ್ಮದು ಬರಲಿಲ್ಲ. ಮೊನ್ನೆಯಷ್ಟೇ ಅರ್ಜಿ ಹಾಕಿ, ಒಂದೇ ಚೀಟಿಯಿದ್ದ ಊರು ಗೆದ್ದುಕೊಂಡು ಹೋಯಿತು. ನನಗೆ ಅಳು ಬರುವುದೊಂದು ಬಾಕಿ.

ಅವತ್ತು ಮಾತ್ರ ನಾನು ಊರಿಗೆ ಫೋನು ಮಾಡಲಿಲ್ಲ. ಅಕ್ಕನೇ ಮಾಡಿದಳು. ದನಿ ತಗ್ಗಿಸಿ, ಭಾವ ತನ್ನ ಹತ್ತಿರ ಮಾತಾಡಿದ್ದನ್ನು ಹೇಳಿದಳು. ಹುಡುಗಿ ಹೇಗೂ ಮನೆಯಲ್ಲಿದ್ದಾಳೆ, ಹುಡುಗ ಹೇಗೂ ನಮ್ಮವನೇ, ಮಾಘದಲ್ಲಿ ಮುಗಿಸಿಬಿಟ್ಟರೆ ಏನು ಎಂದರಂತೆ. ನೀನೇನಂದೆ ಅಕ್ಕ ಎಂದು ಕೇಳಿದೆ. ಅವಳು ಊಟ ಆಯಿತಾ ಎಂದು ಮಾತು ತಿರುಗಿಸಿದಳು. ಅವಳಿಗೂ ಒಳಗೊಳಗೆ ಆಸೆ ಇತ್ತೆಂದು ನನಗೆ ಆಗ ಗೊತ್ತಾಯಿತು. ತಮ್ಮನಿಗೆ ಕೊಟ್ಟರೆ ಮಗಳು ಕಣ್ಣೆದುರಿಗೇ ಇರುತ್ತಾಳಲ್ಲ.

ಮೂರನೆಯ ಸಲ ನಮಗೆ ಮೂರು ಚೀಟಿ. ಹೊಸದಾಗಿ ಅರ್ಜಿ ಹಾಕಿದ್ದ ಪಕ್ಕದ ಊರಿನವನೊಬ್ಬ, ಒಂದೂರಿಗೆ ಮೂರು ಹೆಸರೇ ಎಂದು ಕೂಗಾಡಿದ. ನೀವೂ ಮೂರು ಸಲ ಸೋತು ಬನ್ನಿ, ನಾಲ್ಕು ಹಾಕಿಸಿಕೊಡುತ್ತೇನೆ ಎಂದೆ. ಗುಡಿಸುವ ಹೆಂಗಸು ಕೈ ಹಾಕಿ ತೆಗೆದ ಚೀಟಿಯನ್ನು ಸಾಹೇಬರು ಬಿಡಿಸಿ, ಕನ್ನಡಕ ಹಾಕಿಕೊಂಡು, ನಮ್ಮ ಹುಂಡಿಯ ಹೆಸರು ಓದಿದರು. ನಾನು ಆ ತಾಯಿಯ ಕಾಲಿಗೆ ಬೀಳಲು ಹೋದೆ. ಆಕೆ ಪೊರಕೆ ಅಡ್ಡ ಹಿಡಿದಳು.

ಬೋನು ಬಂದ ದಿನ ಊರಿಗೆ ಊರೇ ಕ್ವಾರಿಯ ಹತ್ತಿರ ನಿಂತಿತ್ತು. ಜೊತೆಗೆ ಬಂದ ಗಾರ್ಡ್ ಸಿದ್ದರಾಜು ಅದನ್ನು ಬಾಳೆಯ ಮರೆಯಲ್ಲಿ ಇಡಿಸಿ, ಮೇಲೆ ಸೊಪ್ಪು ಹೊದಿಸಿ, ಒಳಗೂಡಿಗೆ ಮೇಕೆ ಬಿಟ್ಟರು. ಮೇಕೆಗೆ ನೀರು, ಸೊಪ್ಪು ಹಾಕಲು ಒಬ್ಬರು ಬಂದರೆ ಸಾಕು, ಉಳಿದವರು ಈ ಕಡೆ ತಲೆ ಹಾಕಬೇಡಿ, ಮನುಷ್ಯರ ವಾಸನೆ ಬಿದ್ದರೆ ಅದು ಬರುವುದಿಲ್ಲ ಎಂದು ಮೂರು ಸಲ ಹೇಳಿ ಹೋದರು. ನಾವೆಲ್ಲ ತಲೆಯಾಡಿಸಿದೆವು. ಅವರ ಜೀಪು ಮೇನ್ ರೋಡು ಮುಟ್ಟಿರಲಿಕ್ಕಿಲ್ಲ, ಮಾದಶೆಟ್ಟರು ಬಾಯಿ ತೆರೆದರು.

"ಮಾದಪ್ಪನ ವಾಹ್ನ ಕಣ್ಲಾ ಅದು. ಅಪ್ಪಣೆ ಕೇಳ್ದೆ ಕೂಡಾಕುದ್ರೆ ಊರ್ಗೆ ಒಳ್ಳೇದಾದದಾ? ಒಂದು ಪೂಜೆ ಮಾಡ್ಬುಡನ."

ಯಾರೂ ಬೇಡ ಎನ್ನಲಿಲ್ಲ. ಓದಿದವನು, ಅರ್ಜಿ ಬರೆಯುವವನು, ನಾನಾದರೂ ಎನ್ನಬೇಕಿತ್ತು. ನಾನೇ ಅಂಗಡಿಗೆ ಓಡಿ ಸಾಂಬ್ರಾಣಿ ತಂದೆ. ಹುಲಿಯ ಬೆನ್ನೇರಿ ಬೆಟ್ಟದಲ್ಲಿ ತಿರುಗುವ ಸ್ವಾಮಿಯನ್ನು ಎದುರು ಹಾಕಿಕೊಂಡು ಚಿರತೆ ಹಿಡಿಯುವ ಧೈರ್ಯ ನಮ್ಮ ಕಡೆ ಯಾರಿಗಿದೆ? ಬೋನಿನ ಕಂಬಿಗಳಿಗೆ ವಿಭೂತಿ ಬಳಿದರು, ಬಾಗಿಲಿಗೆ ಕುಂಕುಮ ಇಟ್ಟರು, ಹಣ್ಣು ಕಾಯಿ ಮಾಡಿದರು, ಕರ್ಪೂರ ಹಚ್ಚಿದರು. ಸಾಂಬ್ರಾಣಿಯ ಹೊಗೆ ಬಾಳೆ ತೋಟದ ತುಂಬ ತೆವಳಿಕೊಂಡು ಹೋಯಿತು. ಒಳಗಿದ್ದ ಮೇಕೆ ಸೀನಿತು. ಅದು ಶುಭ ಎಂದು ಯಾರೋ ಹೇಳಿದರು. ಮಾರನೆಯ ದಿನ ಹೆಂಗಸರು ಬಂದು ಅರಿಶಿನ ಕುಂಕುಮ ಹಾಕಿ ಹೋದರು. ಅದರ ಮಾರನೆಯ ದಿನ ಪಕ್ಕದೂರಿನ ನೆಂಟರು ಬಂದು ಬೋನಿನ ಜೊತೆ ನಿಂತು ಫೋಟೋ ತೆಗೆಸಿಕೊಂಡರು.

ಮೂರನೆಯ ದಿನ ನೋಡಲು ಬಂದ ಸಿದ್ದರಾಜು ದೂರದಲ್ಲೇ ಮೂಗು ಮೇಲೆತ್ತಿ ನಿಂತುಬಿಟ್ಟರು. ಬೈಯಲಿಲ್ಲ. ಬೋನಿನ ಸುತ್ತ ಒಂದು ಸುತ್ತು ಹಾಕಿ, ತೆಂಗಿನಚಿಪ್ಪನ್ನು ಕಾಲಿನಲ್ಲಿ ಪಕ್ಕಕ್ಕೆ ತಳ್ಳಿ, ನೀವು ಚಿರತೆಗೆ ಗುಡಿ ಕಟ್ಟಿದ್ದೀರಿ, ಬೋನು ಇಟ್ಟಿಲ್ಲ ಎಂದರು. ಐದನೆಯ ದಿನ ಬಾಗಿಲು ಬಿದ್ದ ಶಬ್ದ ಕೇಳಿ ಎಲ್ಲರೂ ಓಡಿದರೆ ಒಳಗೆ ಮಾದಶೆಟ್ಟರದೇ ನಾಯಿ, ಪ್ರಸಾದದ ಕೊಬ್ಬರಿ ತಿನ್ನುತ್ತಿತ್ತು. ಎಂಟನೆಯ ದಿನ ಬೆಳಿಗ್ಗೆ ಹೊಸ ಹೆಜ್ಜೆ ಕಂಡವು. ಗುಡ್ಡದಿಂದ ಇಳಿದು ಬಂದು, ಬೋನಿಗೆ ಇಪ್ಪತ್ತು ಮಾರು ದೂರದಲ್ಲಿ ನಿಂತು, ಹಾಗೆಯೇ ತಿರುಗಿ ಹೋಗಿತ್ತು. ಅದೇ ಮಧ್ಯಾಹ್ನ ಟ್ರ್ಯಾಕ್ಟರು ಬಂದು ಬೋನನ್ನು ಮುಂದಿನ ಸರದಿಯ ಊರಿಗೆಂದು ಉಡಿಗಾಲದ ಕಡೆಗೆ ಸಾಗಿಸಿತು. ಎರಡು ತಿಂಗಳ ಅಲೆದಾಟಕ್ಕೆ ಸಿಕ್ಕಿದ ಎಂಟು ದಿನವನ್ನು ನಾವು ಮಂಗಳಾರತಿ ಎತ್ತಿ ಕಳೆದಿದ್ದೆವು. ಸಿಂಚನ ತಾರಸಿಯ ಮೇಲಿಂದ ಟ್ರ್ಯಾಕ್ಟರು ಹೋಗುವುದನ್ನು ನೋಡುತ್ತಾ ನಿಂತಿದ್ದಳು. ನಾನು ತಲೆಯೆತ್ತಿ ಅವಳ ಮುಖ ನೋಡಲಿಲ್ಲ, ನನಗೆ ಅಷ್ಟು ಅವಮಾನವಾಗಿತ್ತು.

ಕಾಲೇಜಿಗೆ ಹೋಗಿ ವಿಚಾರಿಸಿದೆ. ಮುಂದಿನ ಸೋಮವಾರದಿಂದ ಒಂದು ದಿನವೂ ತಪ್ಪದೆ ಬಂದರೆ ಹಾಜರಿ ಹೇಗೋ ದಡ ಮುಟ್ಟುತ್ತದೆ, ಇನ್ನೊಂದು ವಾರ ತಡವಾದರೆ ಯಾರೂ ಏನೂ ಮಾಡಲಾಗದು ಎಂದರು.

ಆ ಶುಕ್ರವಾರ ಅಂಗಡಿಗೆ ಬಂದ ಯಾರೋ ಉಡಿಗಾಲದ ಕಡೆ ಬೋನಿಗೆ ಚಿರತೆ ಬಿತ್ತಂತೆ ಎಂದರು. ಬೋನು ಹೋಗಿ ಎರಡೇ ದಿನ. ಭಾವನಿಗೆ ಫೋನು ಮಾಡಿದೆ. ಡೈರಿಯಲ್ಲಿ ಸಭೆ ಇದೆ, ನೀನು ಹೋಗಿ ನೋಡು, ನಮ್ಮದೇನಾ ನೋಡು, ಕಿವಿ ನೋಡು ಎಂದರು. ಬೈಕು ಓಡಿಸಿದ್ದು ನನಗೆ ನೆನಪಿಲ್ಲ. ತೋಟದ ಸುತ್ತ ಜಾತ್ರೆಯಷ್ಟು ಜನ. ಸಿದ್ದರಾಜು ಕಂಡವರೇ ನನ್ನ ತೋಳು ಹಿಡಿದು ಒಳಗೆ ಬಿಟ್ಟರು.

ಬೋನಿನ ಮೂಲೆಯಲ್ಲಿ ಅದು ಮುದುರಿ ಕೂತಿತ್ತು. ನಾನು ಅಷ್ಟು ದಿನ ಅರ್ಜಿಯಲ್ಲಿ ಬರೆದಿದ್ದ 'ಭೀಕರ ಪ್ರಾಣಿ' ಇದಲ್ಲ. ಚಿಕ್ಕ ವಯಸ್ಸಿನದು, ಕಂಬಿಗೆ ಹೊಡೆದುಕೊಂಡು ಮೂತಿಯಲ್ಲಿ ರಕ್ತ. ನನ್ನ ಕಡೆ ನೋಡಿ ಹಲ್ಲು ಬಿಟ್ಟಿತು. ನಾನು ಅದರ ಕಿವಿ ನೋಡಿದೆ. ಎಡಗಿವಿ ದುಂಡಗೆ, ಇಡಿಯಾಗಿ ಇತ್ತು. ಬಲಗಿವಿಯೂ ಇತ್ತು. ಇನ್ನೊಂದು ಸಲ ನೋಡಿದೆ, ಎಡ ಯಾವುದು ಬಲ ಯಾವುದು ಎಂದು ನನ್ನ ಕೈಯನ್ನೇ ಎತ್ತಿ ನೋಡಿಕೊಂಡು ನೋಡಿದೆ. ಅಷ್ಟರಲ್ಲಿ ಟಾರ್ಪಾಲು ಮುಚ್ಚಿದರು.

ಭಾವನ ಫೋನು ಬಂತು. ನಾನು ಎತ್ತಿ, "ಅದೇ ಭಾವ. ಎಡಗಿವಿ ಹರ್ದದ" ಎಂದೆ.

ಫೋಟೋ ಕಳಿಸು ಎಂದರು. ಟಾರ್ಪಾಲು ಮುಚ್ಚಿದ್ದ ಬೋನಿನ ಫೋಟೋ ತೆಗೆದು ಕಳಿಸಿದೆ. ಹಸಿರು ಟಾರ್ಪಾಲು ಬಿಟ್ಟು ಅದರಲ್ಲಿ ಏನೂ ಕಾಣುತ್ತಿರಲಿಲ್ಲ. ಭಾವ ಅದನ್ನೇ ಊರಿಗೆಲ್ಲ ತೋರಿಸಿದರಂತೆ, ಮಾದಶೆಟ್ಟರು ಅದರಲ್ಲೂ ಹರಿದ ಕಿವಿಯನ್ನು ಗುರುತು ಹಿಡಿದರಂತೆ. ಪೂಜೆ ಫಲ ಕೊಟ್ಟಿತು, ಮಾದಪ್ಪ ಅದನ್ನು ನಮ್ಮೂರಿನಲ್ಲಿ ಬೀಳಿಸದೆ ಆಚೆಗೆ ಬೀಳಿಸಿದ ಎಂದು ಊರಿನಲ್ಲಿ ಮಾತಾಯಿತು. ಸೋಮವಾರ ಸಿಂಚನ ಏಳೂವರೆ ಬಸ್ಸಿಗೆ ಹೊರಟಳು.

ಸುಳ್ಳು ಹೇಳಿದ ನಾಲಗೆಗೆ ಏನೂ ಆಗಲಿಲ್ಲ, ಕಾಲಿಗೆ ಆಯಿತು. ಭಾನುವಾರ ಇಡೀ ದಿನ ನಿಂತಲ್ಲಿ ನಿಲ್ಲಲಾರದೆ ತಿರುಗಿದೆ. ಹರಿದ ಕಿವಿಯದು ಗುಡ್ಡದಲ್ಲೇ ಇದೆ, ಅಕ್ಕನ ಮಗಳನ್ನು ಅದರ ಬಾಯಿಯ ಮುಂದೆ ನಾನೇ ಕಳಿಸುತ್ತಿದ್ದೇನೆ. ಏನಾದರೂ ಆದರೆ ಅಕ್ಕನ ಮುಖ ಹೇಗೆ ನೋಡಲಿ? ನಿಜ ಹೇಳಿಬಿಡಲೇ ಎಂದು ಫೋನು ಕೈಗೆ ತೆಗೆದುಕೊಳ್ಳುವುದು, ಹೇಳಿದರೆ ಮಾಘದ ಮದುವೆ ಎಂದು ಕೆಳಗಿಡುವುದು. ಕೊನೆಗೆ ಸೋಮವಾರ ಬೆಳಕು ಹರಿಯುವ ಹೊತ್ತಿಗೆ ಬೈಕು ಹತ್ತಿ ಮೇನ್ ರೋಡಿನ ಸ್ಟಾಪಿಗೆ ಬಂದೆ. ಬೈಕು ಅಲ್ಲೇ ನಿಲ್ಲಿಸಿ, ಒಂದು ದೊಣ್ಣೆ ಹಿಡಿದು ಗಾಡಿದಾರಿಯಲ್ಲಿ ಊರ ಕಡೆಗೆ ನಡೆದೆ. ಕ್ವಾರಿಯ ತಿರುವಿನ ತನಕ ಹೋಗಿ ನಿಂತುಕೊಳ್ಳುವುದು, ಅವಳು ಬಂದ ಮೇಲೆ ಹತ್ತು ಹೆಜ್ಜೆ ಹಿಂದೆ ಬರುವುದು, ಅವಳು ಬಸ್ಸು ಹತ್ತಿದ ಮೇಲೆ ಅಂಗಡಿಗೆ ಹೋಗುವುದು. ಸಂಜೆಯ ಬಸ್ಸಿನ ಹೊತ್ತಿಗೆ ಡೈರಿಗೆ ಹಾಲು ತರುವ ಹೆಂಗಸರೆಲ್ಲ ದಾರಿಯಲ್ಲಿರುತ್ತಿದ್ದರು, ಅದರ ಚಿಂತೆ ಇರಲಿಲ್ಲ.

ಎರಡನೆಯ ದಿನಕ್ಕೇ ಊರಿನವರು ಕೇಳಿದರು, ದೊಣ್ಣೆ ಹಿಡಿದು ಇಲ್ಲೇನು ಮಾಡುತ್ತೀಯ ಎಂದು. ಬಾಯಿಗೆ ಬಂದದ್ದು ಹೇಳಿದೆ. ಡಾಕ್ಟರು ಶುಗರ್ ಅಂದಿದ್ದಾರೆ, ದಿನಾ ನಡೆಯಬೇಕಂತೆ, ಪೇಟೆಯಲ್ಲಿ ಧೂಳು, ಅದಕ್ಕೆ ಇಲ್ಲಿಗೆ ಬರುತ್ತೇನೆ. ದೊಣ್ಣೆ ನಾಯಿಗೆ. ಆ ಮಾತು ಅರ್ಧ ಗಂಟೆಯಲ್ಲಿ ಅಕ್ಕನ ಮನೆ ತಲುಪಿತು. ಅಕ್ಕ ಅತ್ತಳು. ಭಾವ ಮಾತ್ರ ಗಂಭೀರವಾಗಿ ನನ್ನನ್ನು ಜಗಲಿಯ ಮೇಲೆ ಕೂರಿಸಿ, ಈ ವಯಸ್ಸಿಗೇ ಹೀಗಾದರೆ ಹೇಗೆ, ಊಟ ತಿಂಡಿ ನೋಡಿಕೋ ಎಂದರು. ಮಾಘದ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ಶುಗರ್ ಇರುವವನಿಗೆ ಒಬ್ಬಳೇ ಮಗಳನ್ನು ಯಾರು ಕೊಡುತ್ತಾರೆ? ಎರಡು ತಿಂಗಳು ಬೋನಿಗೆ ಅಲೆದು ಸಾಧಿಸಲಾಗದ್ದು ಒಂದು ಸುಳ್ಳು ಕಾಯಿಲೆಯಿಂದ ಕೈಗೂಡಿತು. ಅದು ನನ್ನ ಬೇರೆ ಸಂಬಂಧಗಳನ್ನೂ ಕೆಡಿಸಿತೆನ್ನಿ. ನನ್ನ ಹೆಂಡತಿಯ ಕಡೆಯವರು ಮದುವೆಗೆ ಮುಂಚೆ ರಕ್ತ ಪರೀಕ್ಷೆ ಮಾಡಿಸಿದರು.

ಆ ಚಳಿಗಾಲ ಪೂರ್ತಿ ನಡೆದೆ. ಬಾಳೆ ಎಲೆ ಅಲ್ಲಾಡಿದರೆ ದೊಣ್ಣೆ ಎತ್ತಿ ನಿಲ್ಲುತ್ತಿದ್ದೆ. ಒಂದು ದಿನ ಪಕ್ಕದ ಹುಂಡಿಯಲ್ಲಿ ಮೇಕೆ ಹೋಯಿತು ಎಂಬ ಸುದ್ದಿ ಬಂತು. ಇದು ಬೇರೆಯದು, ನಮ್ಮದನ್ನು ಹಿಡಿದಾಯಿತಲ್ಲ ಎಂದು ಮಾದಶೆಟ್ಟರು ಸಮಾಧಾನ ಹೇಳಿದರು. ನಾನು ಆ ತಿರುವಿನಲ್ಲಿ ಇನ್ನೂ ಹತ್ತು ನಿಮಿಷ ಮುಂಚೆ ಬಂದು ನಿಲ್ಲತೊಡಗಿದೆ. ಆದರೆ ಚಿರತೆ ಒಂದು ದಿನವೂ ನನ್ನ ಕಣ್ಣಿಗೆ ಬೀಳಲಿಲ್ಲ. ಪರೀಕ್ಷೆ ಮುಗಿಯಿತು, ಅವಳು ಪಾಸಾದಳು, ಬಿ.ಎಡ್. ಸೇರಿದಳು. ಕೊನೆಯ ಪರೀಕ್ಷೆಯ ದಿನ ಅವಳು ಬಸ್ಸು ಹತ್ತಿದ ಮೇಲೆ ನಾನು ಸ್ಟಾಪಿನ ಕಲ್ಲಿನ ಮೇಲೆ ಕೂತು, ನಾನು ಅವಳನ್ನು ಕಾಪಾಡಿದೆ ಎಂದುಕೊಂಡೆ. ಇಷ್ಟು ವರ್ಷ ಹಾಗೆಯೇ ಅಂದುಕೊಂಡಿದ್ದೆ.

ಈಗ ಅವಳು ಗುಂಡ್ಲುಪೇಟೆ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಟೀಚರು. ಟೌನಿನಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಕಳೆದ ತಿಂಗಳು ನಾನು ಹೋಗುತ್ತಿದ್ದದ್ದು ಅವಳಲ್ಲಿಗೇ, ಅವಳ ಯಾವುದೋ ಸರ್ಟಿಫಿಕೇಟು ಕೊಡಲು. ಬೋನು ಕಂಡು ಕದಡಿದ ಮನಸ್ಸು ಇನ್ನೂ ತಿಳಿಯಾಗಿರಲಿಲ್ಲ. ಅವಳು ಟೀ ಕೊಟ್ಟು ಎದುರಿಗೆ ಕೂತು ಮಕ್ಕಳ ಉತ್ತರ ಪತ್ರಿಕೆ ತಿದ್ದುತ್ತಿದ್ದಳು. ಇದ್ದಕ್ಕಿದ್ದಂತೆ ಹೇಳಿಬಿಟ್ಟೆ. ಉಡಿಗಾಲದ ಕಡೆ ಬಿದ್ದದ್ದು ನಮ್ಮದಲ್ಲ, ಎರಡು ಕಿವಿಯೂ ಸರಿಯಾಗಿದ್ದವು, ನಾನು ಸುಳ್ಳು ಹೇಳಿ ನಿನ್ನನ್ನು ಆ ದಾರಿಗೆ ಕಳಿಸಿದೆ ಎಂದೆ.

ಅವಳು ಪೆನ್ನು ಎತ್ತದೆಯೇ, "ಗೊತ್ತು ಮಾವ" ಅಂದಳು. "ಶುಗರ್ ಇದ್ದೋನು ಅವ್ವನ ಕೈಲಿ ಮೂರು ಒಬ್ಬಟ್ಟು ಇಸ್ಕಂಡು ತಿಂದಾಗ್ಲೇ ಗೊತ್ತಾಯ್ತು, ಆ ದೊಣ್ಣೆ ಯಾತುಕ್ಕೆ ಅಂತ. ಆಮೇಲೆ ಅದ್ನ ಎರಡು ಸಲ ನೋಡಿವ್ನಿ."

ನನಗೆ ಅರ್ಥವಾಗಲಿಲ್ಲ. ಯಾವುದನ್ನು ಎಂದು ಕೇಳಿದೆ.

ಅವಳು ಪತ್ರಿಕೆ ಮಡಿಸಿಟ್ಟು ಹೇಳಿದಳು. ಮೊದಲ ಸಲ ನಾನು ನಡೆಯತೊಡಗಿದ ಎರಡನೆಯ ವಾರದಲ್ಲೇ. ತಿರುವಿಗೆ ಇನ್ನೂ ಸ್ವಲ್ಪ ದೂರ ಇರುವಾಗ, ಬಾಳೆತೋಟದ ಬದುವಿನ ಮೇಲೆ ಕೂತಿತ್ತಂತೆ. ಅವಳು ನಿಂತಳಂತೆ, ಅದೂ ನೋಡಿತಂತೆ. ಎಷ್ಟು ಹೊತ್ತೋ ಗೊತ್ತಿಲ್ಲ. ಆಮೇಲೆ ಅದು ಎದ್ದು ಕ್ವಾರಿಯ ಕಡೆ ಹೋಯಿತಂತೆ. ಇನ್ನೊಂದು ಸಲ ಪರೀಕ್ಷೆಗೆ ಮುಂಚೆ, ಅದೇ ಜಾಗದಲ್ಲಿ. ಎಡಗಿವಿ ಹರಿದಿತ್ತಂತೆ. ಎರಡು ಸಲವೂ ಅವಳು ನ್ಯಾಪ್‌ಕಿನ್ನಿನಲ್ಲಿ ಮುಖ ಒರೆಸಿಕೊಂಡು ತಿರುವಿಗೆ ಬಂದು, ನನ್ನನ್ನು ನೋಡಿ, ಏನ್ ಮಾವ ತಿಂಡಿ ಆಯ್ತಾ ಎಂದು ಕೇಳಿ ಮುಂದೆ ನಡೆದಿದ್ದಳು. ಹಾಗೆ ಕೇಳಿದ್ದು ನನಗೆ ನೆನಪಿತ್ತು. ದಿನಾ ಕೇಳುತ್ತಿದ್ದಳು.

"ನಾನು ಅಲ್ಲೇ ಇದ್ನಲ್ಲ ಕಣಮ್ಮಿ, ಕೂಗ್ಬಾರ್ದಿತ್ತಾ?" ಎಂದೆ. ನನ್ನ ದನಿ ಏರಿತ್ತು.

"ಕೂಗುದ್ರೆ ನೀನು ಬಂದು ನೋಡ್ಬುಡ್ತಿದ್ದೆ ಮಾವ," ಅಂದಳು. "ನೋಡುದ್ಮೇಲೆ ನೀನೇ ನನ್ನ ಕಳುಸ್ತಿರ್ಲಿಲ್ಲ."

ಹಾಗೇನಿಲ್ಲ ಎನ್ನಲು ಬಾಯಿ ತೆರೆದೆ. ಅವಳು ಕಾದಳು. "ದಿಟ ಕಣಮ್ಮಿ, ಕಳುಸ್ತಿರ್ಲಿಲ್ಲ" ಎಂದೆ.